ಭಾನುವಾರ ಹತ್ತರಿಂದ ಹನ್ನೊಂದು

ನಮ್ಮ ದೊಡ್ಡಮ್ಮ ನಗುವುದೇ ಇಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಅದು ಶುದ್ಧ ಅಪಪ್ರಚಾರ. ದೊಡ್ಡಮ್ಮ ನಗುತ್ತಿದ್ದರು. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಕೋಣೆಯ ಚಿಲಕ ಹಾಕಿಕೊಂಡು! ವಾರದ ಉಳಿದ ನೂರ ಅರವತ್ತೇಳು ಗಂಟೆಗಳಲ್ಲಿ ಆ ಮುಖದ ಮೇಲೆ ನಗು ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ವಾಪಸಾಗಿದ್ದಾರೆ. ಹಾಗೆ ವಾಪಸಾದವರಲ್ಲಿ ನಾನೂ ಒಬ್ಬಳು.

ಇದು ಈ ಶತಮಾನದ ಮೊದಲ ವರ್ಷಗಳ ಮಾತು. ಎಂ.ಫಿಲ್. ಮಾಡುತ್ತೇನೆಂದು ದೆಹಲಿಗೆ ಬಂದ ನಾನು ಹಾಸ್ಟೆಲ್ ಸಿಗದೆ ಲೋಧಿ ಕಾಲೋನಿಯಲ್ಲಿದ್ದ ದೊಡ್ಡಮ್ಮನ ಸರ್ಕಾರಿ ಫ್ಲ್ಯಾಟ್ ಸೇರಿಕೊಂಡೆ. ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ, ಕೇಂದ್ರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮಕ್ಕಳಿಲ್ಲ. ದೊಡ್ಡಪ್ಪ ತೀರಿಕೊಂಡು ಆಗ ಆರು ವರ್ಷವಾಗಿತ್ತು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ದೊಡ್ಡಮ್ಮ ಎತ್ತಗೊಡುತ್ತಲೂ ಇರಲಿಲ್ಲ.

ಮನೆಗೆ ಬಂದ ಮೇಲೂ ಅವರ ಆಫೀಸು ಮುಗಿಯುತ್ತಿರಲಿಲ್ಲ. ಫ್ರಿಜ್ಜಿನ ಮೇಲೆ ಚೀಟಿಗಳು ಅಂಟಿಕೊಂಡಿರುತ್ತಿದ್ದವು: 'ಮೊಸರು ಹೆಪ್ಪು ಹಾಕುವ ವಿಷಯ. ತುರ್ತು.' ನಮ್ಮಪ್ಪ ಕಷ್ಟಸುಖ ವಿಚಾರಿಸಿ ಬರೆದ ಕಾಗದಕ್ಕೆ 'ನಿಮ್ಮ ಪತ್ರ ತಲುಪಿದೆ, ಅಂಶವಾರು ಉತ್ತರ ಕೆಳಗಿನಂತಿದೆ' ಎಂದು ಶುರುಮಾಡುತ್ತಿದ್ದರು. ಕೊತ್ತಂಬರಿ ಬಾಡಿದ್ದರೆ ತರಕಾರಿ ಗಾಡಿಯವನಿಗೂ ಬಿಡುಗಡೆಯಿಲ್ಲ. "ಭಯ್ಯಾ, ಯೇ ಕಲ್ ಕಾ ಹೈ. ಕಾರಣ್ ಬತಾಓ!" ಪಾಪ, ಅವನೇನು ಕಾರಣ ಹೇಳಿಯಾನು? ಬಿಸಿಲು ಎನ್ನುತ್ತಿದ್ದ. ದೊಡ್ಡಮ್ಮ ಕತ್ತೆತ್ತಿ ಸೂರ್ಯನನ್ನು ಒಮ್ಮೆ ನೋಡುತ್ತಿದ್ದರು. ಮೋಡದ ಮರೆಗೆ ಹೋಗುವುದು ಅವನಿಗೂ ಒಳ್ಳೆಯದಿತ್ತು!

ಇಂಥವರಿಗೆ ವಾರದಲ್ಲಿ ಒಂದೇ ಒಂದು ಶತ್ರು. ಭಾನುವಾರ!

"ಭಾನುವಾರ ಅನ್ನೋದು ಸರ್ಕಾರ ಮಾಡಿರೋ ತಪ್ಪು ಕಣೆ" ಎನ್ನುತ್ತಿದ್ದರು. ಶನಿವಾರವೂ ರಜೆಯೇ. ಆದರೆ ಅದಕ್ಕೆ ಹಿಟ್ಟಿನ ಗಿರಣಿ, ಬ್ಯಾಂಕು, ಬಟ್ಟೆ ಒಗೆತ ಎಲ್ಲ ಇದ್ದವು. ಭಾನುವಾರಕ್ಕೆ ಏನೂ ಇರಲಿಲ್ಲ. ಅದಕ್ಕೇ ಹತ್ತು ಗಂಟೆಗೆ ಸರಿಯಾಗಿ ಕೋಣೆಗೆ ಹೋಗಿ ಚಿಲಕ ಹಾಕಿ ಕ್ಯಾಸೆಟ್ ಹಚ್ಚುತ್ತಿದ್ದರು. ಎರಡೇ ನಿಮಿಷಕ್ಕೆ ಒಳಗಿನಿಂದ ಗೊರಗೊರ ಸದ್ದು. ಮೊದಲ ವಾರ ನಾನು ಮಿಕ್ಸಿ ಕೆಟ್ಟಿತೆಂದುಕೊಂಡೆ! ಆಮೇಲೆ ತಿಳಿಯಿತು, ಅದು ದೊಡ್ಡಮ್ಮನ ನಗು.

ನಗಿಸುತ್ತಿದ್ದವನು ನಮ್ಮೂರ ಕಡೆಯ ಒಬ್ಬ ನಗೆಗಾರ. ಹೆಸರು ಹೇಳುವುದಿಲ್ಲ. ಒಂದು ಮೈಕು ಹಿಡಿದು ನಿಂತರೆ ಮಂತ್ರಿ, ಮಠ, ಮಾವ, ಯಾರನ್ನೂ ಬಿಟ್ಟವನಲ್ಲ. ಐವತ್ತು ದಾಟಿದ್ದ ಅವನನ್ನು ದೊಡ್ಡಮ್ಮ 'ಆ ಹುಡುಗ' ಎನ್ನುತ್ತಿದ್ದರು. ದೇವರನ್ನೂ ಅವನು ಬಿಟ್ಟಿರಲಿಲ್ಲ. "ದೇವರಿಗೆ ನಾವೆಲ್ಲ ತಲೆಗೂದಲು ಕೊಡ್ತೀವಿ. ಅವನಿಗ್ಯಾಕ್ರೀ ಅಷ್ಟು ಕೂದಲು? ಕಿರೀಟ ತೆಗೆದು ಯಾರಾದ್ರೂ ನೋಡಿದ್ದೀರಾ?" ಎಂದು ಒಂದು ಕ್ಯಾಸೆಟ್ಟಿನಲ್ಲಿ ಕೇಳಿದ್ದ. ದಿನಾ ಎರಡು ಹೊತ್ತು ದೀಪ ಹಚ್ಚುವ ನಮ್ಮ ದೊಡ್ಡಮ್ಮ ಇದನ್ನು ಕೇಳಿ ಸಿಟ್ಟಾದರೆಂದುಕೊಂಡಿರಾ? ಹನ್ನೊಂದಕ್ಕೆ ಚಿಲಕ ತೆಗೆದು, ಕಾಲು ತೊಳೆದು, ದೇವರ ಗೂಡಿನ ಮುಂದೆ ನಿಂತರು. "ಮನಸ್ಸಿಗೆ ಹಚ್ಕೋಬೇಡಪ್ಪ. ಬಾಯಿ ಸ್ವಲ್ಪ ಜಾಸ್ತಿ, ಹುಡುಗ ಒಳ್ಳೆಯವನು" ಎಂದು ಶಿಫಾರಸು ಮಾಡಿದರು. ಮಾಡಿದ ಮೇಲೆ ಪಟದ ಕಿರೀಟವನ್ನೇ ಒಂದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದ್ದನ್ನು ನಾನು ನೋಡಿದ್ದೇನೆ.

ಈ ಕ್ಯಾಸೆಟ್ಟುಗಳನ್ನು ತಂದುಕೊಡುತ್ತಿದ್ದವನು ಇಮ್ತಿಯಾಜ್. ಶಿವಮೊಗ್ಗದವನು. ಘಾಜಿಯಾಬಾದಿನಲ್ಲಿ ಬಾಡಿಗೆ ಮನೆ, ನೋಯ್ಡಾದಲ್ಲಿ ಕಂಪ್ಯೂಟರ್ ಕಂಪನಿಯ ಕೆಲಸ. ನಗೆಗಾರನ ಪರಮ ಭಕ್ತ. ಊರಿಂದ ಬರುವಾಗ ಬಟ್ಟೆ ಮರೆತರೂ ಹೊಸ ಕ್ಯಾಸೆಟ್ ಮರೆಯುತ್ತಿರಲಿಲ್ಲ. ದೆಹಲಿಯ ಸುತ್ತ ಇಂಥ ಭಕ್ತರು ಒಂದಿಪ್ಪತ್ತು ಮಂದಿ ಇದ್ದರು, ಹೆಚ್ಚಿನವರು ಓದುವ ಹುಡುಗ ಹುಡುಗಿಯರು. ಇಮ್ತಿಯಾಜ್ ಎಲ್ಲರಿಗೂ ಪ್ರತಿ ಮಾಡಿ ಹಂಚುತ್ತಿದ್ದ.

ಒಂದು ಸಲ ನಗೆಗಾರ ದೆಹಲಿಗೇ ಬಂದ! ಜನಕಪುರಿಯ ಒಂದು ಸಭಾಂಗಣದಲ್ಲಿ ಬುಧವಾರ ಸಂಜೆ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿ ದೊಡ್ಡಮ್ಮ, ತೊಡೆಯ ಮೇಲೆ ಡೈರಿ. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಇವರ ಮುಖ ಕಡತದ ರಟ್ಟಿನಂತಿತ್ತು. ಬುಧವಾರ ತಾನೆ! ಯಾವ ನಗೆಗಾರ ಇದನ್ನು ಸಹಿಸಿಯಾನು? ಮೈಕು ಹಿಡಿದು ಸೀದಾ ಇವರ ಮುಂದೆ ಬಂದು ನಿಂತ.

"ಅಮ್ಮಾ, ತಾವು ನಗೋದಕ್ಕೆ ಬಂದಿದ್ದೀರೋ, ಇನ್‌ಸ್ಪೆಕ್ಷನ್ನಿಗೆ ಬಂದಿದ್ದೀರೋ?"

ದೊಡ್ಡಮ್ಮ ಎದ್ದು ನಿಂತರು. ನಾನು ಸೀಟಿನಲ್ಲಿ ಇಳಿದು ಮುಖ ಮುಚ್ಚಿಕೊಂಡೆ.

"ನೀವು ಈಗ ಹೇಳಿದ ಯಮನ ಪ್ರಸಂಗ ಎರಡನೇ ಕ್ಯಾಸೆಟ್ಟಿನದು. ಅದರಲ್ಲಿ ಯಮ ಮೂರು ಸಲ ಬರ್ತಾನೆ. ಇವತ್ತು ಎರಡೇ ಸಲ ಬಂದ. ಜೆರಾಕ್ಸ್ ಎಲ್ಲಿ?"

ನೀವು ಆ ಪ್ರಸಂಗ ಕೇಳಿರಲಿಕ್ಕಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಸರ್ಕಾರಿ ನೌಕರನನ್ನು ಒಯ್ಯಲು ಯಮ ಬರುತ್ತಾನೆ. ಮೊದಲ ಸಲ, 'ಈಗ ಊಟದ ಹೊತ್ತು, ಎರಡು ಗಂಟೆ ಮೇಲೆ ಬಾ.' ಎರಡನೇ ಸಲ, 'ಸಾಹೇಬರು ಸೀಟಲ್ಲಿಲ್ಲ, ನಾಳೆ ಬಾ.' ಮೂರನೇ ಸಲ, 'ಆರ್ಡರಿನ ಮೂರು ಪ್ರತಿ ಎಲ್ಲಿ? ಹೋಗಿ ಜೆರಾಕ್ಸ್ ಮಾಡಿಸ್ಕೊಂಡು ಬಾ.' ಯಮ ಇನ್ನೂ ಜೆರಾಕ್ಸ್ ಅಂಗಡಿಯ ಕ್ಯೂನಲ್ಲಿದ್ದಾನೆ, ಅಲ್ಲಿ ಕರೆಂಟಿಲ್ಲ. ಅದಕ್ಕೇ ಪೆನ್ಷನ್‌ದಾರರು ತೊಂಬತ್ತು ವರ್ಷ ಬದುಕುವುದು!

ನಗೆಗಾರ ಎರಡು ಕೈ ಜೋಡಿಸಿದ. "ತಪ್ಪಾಯ್ತಮ್ಮ. ಟೈಮ್ ಕಡಿಮೆ ಇತ್ತು. ಮೂರನೇ ಸಲ ಕರೆದರೆ ಯಮ ನನ್ನನ್ನೇ ಎತ್ಕೊಂಡು ಹೋಗ್ತಾನೆ!"

ಸಭೆಯ ಚಪ್ಪಾಳೆ ನಿಲ್ಲಲು ಎರಡು ನಿಮಿಷ ಬೇಕಾಯಿತು. ದೊಡ್ಡಮ್ಮ ಗಂಭೀರವಾಗಿ ಕುಳಿತು ಡೈರಿಯಲ್ಲಿ ಏನೋ ಬರೆದುಕೊಂಡರು. ಆ ವಾರದ ಭಾನುವಾರ ಹತ್ತು ಗಂಟೆಗೆ ಕ್ಯಾಸೆಟ್ಟಿನ ಸದ್ದೇ ಇಲ್ಲದೆ ಒಳಗಿನಿಂದ ಗೊರಗೊರ ಶುರುವಾಯಿತು. ನಡುವೆ ಒಂದು ಮಾತು ಮಾತ್ರ ಕೇಳಿಸಿತು. "ಇನ್‌ಸ್ಪೆಕ್ಷನ್ನಂತೆ!"

ಅದಾದ ಮುಂದಿನ ವರ್ಷದ ಜನವರಿ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ದೊಡ್ಡಮ್ಮ ಶಾಲು ಹೊದ್ದು, ಊಟದ ಡಬ್ಬಿ ಹಿಡಿದು, ಆಫೀಸಿನ ಚಾರ್ಟರ್ಡ್ ಬಸ್ಸಿಗೆ ಹೊರಟಿದ್ದರು. ಫೋನ್ ಬಂತು. ಇಮ್ತಿಯಾಜನದು. ದೊಡ್ಡಮ್ಮ ಕೇಳಿಸಿಕೊಂಡು ಫೋನ್ ಇಟ್ಟರು. ಡಬ್ಬಿಯನ್ನೂ ಇಟ್ಟರು.

"ಆ ಹುಡುಗ ಹೋದನಂತೆ ಕಣೆ. ಹೃದಯಾಘಾತ."

ಕೆಳಗೆ ಬಸ್ಸು ಹಾರನ್ ಹೊಡೆಯಿತು. ಮೂರು ನಿಮಿಷ ಕಾದು, ನಂಬಲಾಗದೆ ಇನ್ನೊಮ್ಮೆ ಹೊಡೆದು, ಹೋಯಿತು. ದೊಡ್ಡಮ್ಮ ಸ್ನಾನದ ಮನೆಗೆ ನಡೆದು ದೆಹಲಿಯ ಆ ಚಳಿಯಲ್ಲಿ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡರು. "ಮೂರು ದಿನ ಸೂತಕ" ಎಂದು ಘೋಷಿಸಿ ದೇವರ ಗೂಡಿನ ಪರದೆ ಎಳೆದರು. ಒಗ್ಗರಣೆಯಿಲ್ಲದ ಸಾರಿಗೆ ಬೇಳೆ ಇಟ್ಟರು.

ಅಷ್ಟರಲ್ಲಿ ಇಮ್ತಿಯಾಜ್ ಬೈಕಿನಲ್ಲಿ ಓಡಿಬಂದ, ಕಣ್ಣು ಕೆಂಪಾಗಿತ್ತು. ದೊಡ್ಡಮ್ಮ ಅವನಿಗೊಂದು ಟವೆಲ್ ಕೊಟ್ಟರು.

"ಹೋಗು, ತಣ್ಣೀರು ಹಾಕ್ಕೊಂಡು ಬಾ."

"ಆಂಟಿ, ನಮ್ಮಲ್ಲಿ ಸೂತಕ ಎಲ್ಲ ಇರಲ್ಲ..."

"ಕ್ಯಾಸೆಟ್ ತಂದವನು ಯಾರು? ನೀನು. ಮೊದಲು ನಿನಗೇ ಬರುತ್ತೆ. ಹೋಗು!"

ಹಲ್ಲು ಕಟಕಟಿಸುತ್ತಾ ಹೊರಬಂದ ಇಮ್ತಿಯಾಜನನ್ನು ನೋಡಿ, ಅಷ್ಟು ದುಃಖದಲ್ಲೂ, ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಳ್ಳಬೇಕಾಯಿತು. ಸೆರಗಿರಲಿಲ್ಲ, ದುಪಟ್ಟಾ ಇತ್ತು. ಇರಲಿ.

ಇನ್ನು ರಜೆಯ ಪ್ರಶ್ನೆ. ಇಲ್ಲಿಯೇ ನೋಡಿ ದೊಡ್ಡಮ್ಮ ತಾವೇ ತೋಡಿದ ಹಳ್ಳಕ್ಕೆ ಬಿದ್ದದ್ದು. ಅವರ ಸೆಕ್ಷನ್ನಿನಲ್ಲಿ ಒಬ್ಬ ಗುಮಾಸ್ತನಿದ್ದ. ಒಂದೇ ವರ್ಷದಲ್ಲಿ ಅವನ ಅಜ್ಜಿ ನಾಲ್ಕು ಸಲ ತೀರಿಕೊಂಡಿದ್ದರು. ನಾಲ್ಕನೆಯ ಸಲ ದೊಡ್ಡಮ್ಮ ರಜಾ ಚೀಟಿಯಲ್ಲಿ ಹೊಸದೊಂದು ಕಲಂ ಸೇರಿಸಿದರು: 'ಮೃತರು ಅರ್ಜಿದಾರರಿಗೆ ಏನಾಗಬೇಕು?' ಅದನ್ನು ಬರೆಯದೆ ಸಾವಿನ ರಜೆ ಕೇಳುವಂತಿಲ್ಲ. ನಿಯಮ ಮಾಡಿದವರು ದೊಡ್ಡಮ್ಮ, ಮುರಿಯುವಂತಿಲ್ಲ. ಚೀಟಿಯನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದು ಕುಳಿತರು. ಮುಕ್ಕಾಲು ಗಂಟೆ ಕುಳಿತೇ ಇದ್ದರು.

"ಜ್ವರ ಅಂತ ಬರೆದುಬಿಡಿ ದೊಡ್ಡಮ್ಮ" ಎಂದೆ.

"ಜ್ವರ ಎಲ್ಲಿದೆ?"

"ತಮ್ಮ ಅಂತ ಬರೀರಿ ಆಂಟಿ, ಯಾರು ಬಂದು ನೋಡ್ತಾರೆ?" ಎಂದ ಇಮ್ತಿಯಾಜ್.

"ಅವನಿಗೆ ಅವನದ್ದೇ ಅಕ್ಕತಂಗೀರು ಇರ್ತಾರಪ್ಪ. ಅವರ ಜಾಗ ನಾನ್ಯಾಕೆ ತಗೊಳ್ಲಿ?"

"ಹಾಗಾದ್ರೆ ಅಭಿಮಾನಿ?"

ದೊಡ್ಡಮ್ಮ ಸ್ವಲ್ಪ ಯೋಚಿಸಿ ತಲೆಯಾಡಿಸಿದರು. "ಅದು ನಾನು ಅವನಿಗೆ ಏನಾಗಬೇಕು ಅನ್ನೋದು. ಕಲಮ್ಮಿನಲ್ಲಿ ಕೇಳಿರೋದು ಅವನು ನನಗೆ ಏನಾಗಬೇಕು ಅಂತ."

ಕೊನೆಗೆ ಎಡಗೈ ಅಡ್ಡ ಹಿಡಿದು ಒಂದು ಸಾಲು ಬರೆದರು. ಲಕೋಟೆಗೆ ಹಾಕಿ ಗೋಂದು ಹಚ್ಚಿ ನನ್ನ ಕೈಗೆ ಕೊಟ್ಟರು. ನಾನು ಹೋಗಿ ಆಫೀಸಿನಲ್ಲಿ ಕೊಟ್ಟುಬಂದೆ. ಮಂಜೂರು ಮಾಡಬೇಕಾದ ಅಂಡರ್ ಸೆಕ್ರೆಟರಿ ಸಾಹೇಬರು ಬುಧವಾರ ಸಂಜೆಯವರೆಗೆ ಪ್ರವಾಸದಲ್ಲಿದ್ದರು.

"ಚೀಟಿ ವಾಪಸು ಬಂದರೆ?" ಎಂದು ಕೇಳಿದೆ.

"ಬಂದರೆ ಪರದೆ ತೆಗೆದು ದೀಪ ಹಚ್ಚಿ ಆಫೀಸಿಗೆ ಹೋಗ್ತೀನಿ. ಸರ್ಕಾರವೇ ಸಂಬಂಧ ಇಲ್ಲ ಅಂದ ಮೇಲೆ ನಾನು ಅಳೋದಕ್ಕೆ ಯಾರೇ?" ಎಂದರು. ತಮಾಷೆಗೆ ಹೇಳಿದ್ದಲ್ಲ. ಆ ಎರಡು ದಿನ ಕೆಳಗೆ ಯಾವ ಸ್ಕೂಟರ್ ನಿಂತರೂ ದೊಡ್ಡಮ್ಮ ಕಿಟಕಿಗೆ ಹೋಗಿ ಬಗ್ಗಿ ನೋಡಿ ಬರುತ್ತಿದ್ದರು. ಆಫೀಸಿನ ಜಮೇದಾರ ಚೀಟಿ ತಂದನೇನೋ ಎಂದು.

ಗುರುವಾರ, ಸೂತಕದ ಮೂರನೇ ದಿನ, ಹತ್ತು ಗಂಟೆಗೆ ಭಕ್ತರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಇಪ್ಪತ್ತು ಜನ, ಎರಡು ಕೋಣೆಯ ಮನೆ. ಚಪ್ಪಲಿಗಳು ಮೆಟ್ಟಿಲಿಳಿದು ಕೆಳಗಿನ ಮನೆಯ ಬಾಗಿಲು ಮುಟ್ಟಿದ್ದವು. ದೊಡ್ಡಮ್ಮ ಟೇಪ್ ರೆಕಾರ್ಡರನ್ನು ಮೊದಲ ಬಾರಿಗೆ ಹಾಲಿಗೆ ತಂದು, ಎರಡನೇ ಕ್ಯಾಸೆಟ್ ಹಾಕಿ, ಇನ್ನೇನು ಗುಂಡಿ ಒತ್ತಬೇಕು, ಬಾಗಿಲಲ್ಲಿ ಅಂಡರ್ ಸೆಕ್ರೆಟರಿ ಸಾಹೇಬರು ನಿಂತಿದ್ದರು! ಕೋಟು, ಮಫ್ಲರು, ಕೈಯಲ್ಲಿ ಮಡಿಸಿದ ಚೀಟಿ. ದೊಡ್ಡಮ್ಮ ಎದ್ದು ನಿಂತರು.

"ಬೈಠಿಯೇ ಮೇಡಮ್" ಎಂದು ಸಾಹೇಬರು ಹುಡುಗರ ನಡುವೆ ಜಾಗ ಮಾಡಿಕೊಂಡು ನೆಲದ ಮೇಲೆ ಕುಳಿತೇಬಿಟ್ಟರು. "ಬಜಾಯಿಯೇ. ಮೈ ಭೀ ಸುನೂಂಗಾ." ಕ್ಯಾಸೆಟ್ ಹಾಕಬೇಕಂತೆ, ತಾವೂ ಕೇಳುತ್ತಾರಂತೆ!

ಕ್ಯಾಸೆಟ್ ಓಡಿತು. ಸತ್ತವನ ದನಿ ಕೋಣೆಯ ತುಂಬ. ಯಮ ಒಂದು ಸಲ ಬಂದ. ಯಾರೂ ನಗಲಿಲ್ಲ. ಎರಡನೇ ಸಲ ಬಂದ. ಇಮ್ತಿಯಾಜ್ ಮೊಣಕಾಲಿನ ನಡುವೆ ಮುಖ ಹುದುಗಿಸಿ ಬಿಕ್ಕತೊಡಗಿದ. ಹುಡುಗಿಯರು ಮೂಗು ಒರೆಸಿಕೊಳ್ಳುತ್ತಿದ್ದರು. ಯಮ ಮೂರನೇ ಸಲ ಬಂದ.

"ಅವತ್ತೇ ಹೇಳಿದ್ದ, ಮೂರನೇ ಸಲ ಬಂದ್ರೆ ಕರ್ಕೊಂಡು ಹೋಗ್ತಾನೆ ಅಂತ" ಎಂದರು ದೊಡ್ಡಮ್ಮ. "ದಡ್ಡ! ಜೆರಾಕ್ಸ್ ಕೇಳೋದಲ್ವಾ!"

ಎಂದವರೇ ನಕ್ಕರು. ಗುರುವಾರ! ಬಾಗಿಲು ತೆರೆದಿಟ್ಟುಕೊಂಡು, ಇಪ್ಪತ್ತು ಜನರ ಎದುರು, ಅದೇ ಗೊರಗೊರ ನಗು, ಕಣ್ಣಿನಿಂದ ನೀರು ಇಳಿಯುತ್ತಿರುವಾಗಲೇ. ಆಮೇಲೆ ಯಾರನ್ನು ಹಿಡಿಯುವಂತಿತ್ತು? ಇಡೀ ಕೋಣೆ ನಕ್ಕಿತು, ಅತ್ತಿತು, ಕ್ಯಾಸೆಟ್ ತಿರುಗಿಸಿ ಹಾಕಿ ಮತ್ತೆ ನಕ್ಕಿತು. ಕನ್ನಡದ ಒಂದಕ್ಷರ ಬಾರದ ಸಾಹೇಬರೂ ನಕ್ಕರು, ದೊಡ್ಡಮ್ಮನ ಮುಖ ನೋಡಿಕೊಂಡು.

ಹನ್ನೊಂದಕ್ಕೆ ಸಾಹೇಬರು ಎದ್ದರು. ಚಪ್ಪಲಿ ರಾಶಿಯಲ್ಲಿ ಅವರ ಬೂಟು ಹುಡುಕಿಕೊಡಲು ನಾನು ಮೆಟ್ಟಿಲವರೆಗೆ ಹೋದೆ. ಹದಿನೈದು ವರ್ಷದಿಂದ ಒಂದೇ ಆಫೀಸಿನಲ್ಲಿದ್ದೇವೆ, ಮೇಡಂ ನಕ್ಕಿದ್ದನ್ನು ಇವತ್ತೇ ನೋಡಿದೆ ಎಂದು ಹಿಂದಿಯಲ್ಲಿ ಹೇಳಿದರು. ಚೀಟಿ ಓದಿದ ಮೇಲೆ ಆ ಮನುಷ್ಯನ ದನಿ ಒಮ್ಮೆ ಕೇಳಬೇಕೆನಿಸಿ ಬಂದರಂತೆ. ಚೀಟಿಯನ್ನು ನನ್ನ ಕೈಯಲ್ಲಿಟ್ಟು ಇಳಿದು ಹೋದರು.

ಮೆಟ್ಟಿಲ ಮೇಲೆ ನಿಂತು ಬಿಡಿಸಿದೆ. ಕೆಳಗೆ ಮಂಜೂರಾತಿಯ ಸಹಿ ಇತ್ತು. ಮೇಲಿನ ಕಲಮ್ಮಿನಲ್ಲಿ, ಮೃತರು ಏನಾಗಬೇಕು ಎಂಬುದರ ಎದುರು, ದೊಡ್ಡಮ್ಮನ ದುಂಡು ಅಕ್ಷರ. ಆಫೀಸಿನ ಇಂಗ್ಲಿಷಿನಲ್ಲಿ ಬರೆದಿದ್ದರು, ಕನ್ನಡದಲ್ಲಿ ಹೇಳಿದರೆ ಇಷ್ಟು:

'ನನ್ನ ಪತಿ ತೀರಿಕೊಂಡ ಮೇಲೆ ಭಾನುವಾರಗಳನ್ನು ದಾಟಿಸಿದವರು.'

ಎರಡು ವರ್ಷ ಆ ಚಿಲಕ ಹಾಕಿದ ಬಾಗಿಲಿನ ಈಚೆ ನಿಂತು ಗೊರಗೊರ ಕೇಳಿ, ಗೆಳತಿಯರಿಗೆಲ್ಲ ಅಣಕಿಸಿ ತೋರಿಸಿ ನಗಿಸಿದವಳು ನಾನು. ಒಳಗಿನಿಂದ ಕೇಳಿಬರುತ್ತಿದ್ದ ನಗುವಿನ ನಡುವೆ ತಕ್ಷಣ ಹೋಗಲಾಗಲಿಲ್ಲ. ಚೀಟಿ ಹಿಡಿದುಕೊಂಡು, ಆ ಇಪ್ಪತ್ತು ಜೊತೆ ಚಪ್ಪಲಿಗಳ ನಡುವೆ, ಮೆಟ್ಟಿಲ ಮೇಲೆ ಕುಳಿತೆ.