ಹಲಸೂರು ಕೆರೆಯಲ್ಲಿ ದ್ವೀಪಯಾತ್ರೆಯ ತಾಲೀಮು

ಮದುವೆಯಾದಾಗಿನಿಂದ ಸುಬ್ಬಲಕ್ಷ್ಮಿಯವರಿಗೆ ಒಂದೇ ಆಸೆ: ಸಮುದ್ರದ ನಡುವಿನ ದ್ವೀಪವೊಂದನ್ನು ನೋಡಬೇಕು. ಈ ಸಲ ಮಗಳು ಆಶ್ರಿತಾ ಅಂಥದೊಂದು ಪ್ರವಾಸ ಬುಕ್ ಮಾಡಿಯೇ ಬಿಟ್ಟಳು. ಇಂದಿರಾನಗರದ ಮನೆಯಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಸುಬ್ಬಲಕ್ಷ್ಮಿ ಮೊಬೈಲನ್ನು ಗಂಡನ ಮೂಗಿಗೆ ಹಿಡಿದರು.

"ನೋಡ್ರೀ, ಎಂಥಾ ಬಂಡೆ, ಮೆಟ್ರೋ ಸ್ಟೇಷನ್‌ಗಿಂತ ಎತ್ತರ! ಕೆಳಗೆ ಎಂಥಾ ಅಲೆ! ಇರೋದೇ ಹತ್ತಾರು ಮನೆ. ಈಗ್ಲೂ ಅಕ್ಕಿ ಮೂಟೆ, ಆಡು ಎಲ್ಲಾ ಈಚೆ ದಡದ ಗುಡ್ಡದಿಂದ ಸಮುದ್ರದ ಮೇಲೆ ಹಗ್ಗದ ತೊಟ್ಟಿಲಲ್ಲೇ ಎಳ್ಕೋತಾರಂತೆ. ನಾವು ಮಾತ್ರ ದೋಣೀಲಿ."

ದೋಣಿ ಎಂದ ಕೂಡಲೇ ವೆಂಕಟಾಚಲಯ್ಯನವರು ಕಾಫಿ ಲೋಟ ಕೆಳಗಿಟ್ಟರು. ವಿಮಾ ಕಚೇರಿಯಲ್ಲಿದ್ದು ಊರಿಗೆಲ್ಲ ಧೈರ್ಯ ಹೇಳಿ ನಿವೃತ್ತರಾದ ಈ ಮಹಾನುಭಾವರಿಗೆ ಬಕೆಟ್ಟಿಗಿಂತ ಹೆಚ್ಚು ನೀರು ಒಟ್ಟಿಗೆ ಕಂಡರೆ ಜೀವಭಯ. ಹೆಂಡತಿಗೆ ಇದುವರೆಗೂ ಹೇಳಿರಲಿಲ್ಲ. ಈಗ ಹೇಳಿದರೆ ಆಕೆಯ ಆಸೆ ಮುಳುಗುತ್ತದೆ; ಹೇಳದಿದ್ದರೆ ತಾವು.

"ಕಮರ್ಷಿಯಲ್ ಸ್ಟ್ರೀಟಲ್ಲಿ ಒಂದು ಟೋಪಿ ತಗೊಂಡ್ ಬರ್ತೀನಿ" ಎಂದು ಹೊರಟರು. ಟೋಪಿ ಕೊಂಡದ್ದೂ ನಿಜ. ಅಲ್ಲಿಂದ ಆಟೊ ಹತ್ತಿ ಹಲಸೂರು ಕೆರೆಗೆ ಬಂದದ್ದು ಮಾತ್ರ ಗುಟ್ಟು.

"ಹೆಂಡ್ತಿ ಜೊತೆ ದ್ವೀಪಕ್ಕೆ ಹೋಗ್ಬೇಕಪ್ಪಾ. ಹೇಗಾದ್ರೂ ಭಯ ಬಿಡಿಸು" ಎಂದು ದೋಣಿ ನಡೆಸುವ ಉಮೈರನ ಕೈ ಹಿಡಿದುಕೊಂಡರು. ದೋಣಿಯೊಳಗೆ ಕೂತು, ಅಂಚನ್ನು ಅಪ್ಪಿಕೊಂಡು, ನೆನಪಿದ್ದ ಸ್ತೋತ್ರಗಳನ್ನೆಲ್ಲ ಒಂದರೊಳಗೊಂದು ಬೆರೆಸಿ ಹೇಳತೊಡಗಿದರು.

"ಅಂಕಲ್, ಕಣ್ ಬಿಡಿ. ಬೋಟ್ ಇನ್ನೂ ಕಟ್ಟಿದ್ ಹಾಗೇ ಇದೆ" ಎಂದ ಉಮೈರ್.

ಹಗ್ಗ ಬಿಚ್ಚುವುದಕ್ಕೂ ಪಕ್ಕದ ಮನೆಯ ಮುನಿಆಂಜನಪ್ಪ ವಾಕಿಂಗಿಗೆಂದು ದಂಡೆಗೆ ಬರುವುದಕ್ಕೂ ಸರಿಹೋಯಿತು. ಬೀದಿಯ ಸುದ್ದಿಯನ್ನೆಲ್ಲ ಪೇಪರಿಗಿಂತ ಮೊದಲು ಹಂಚುವ ಪುಣ್ಯಾತ್ಮ ಅವರು.

"ಅಯ್ಯೋ ಸ್ವಾಮೀ, ಹಾರ್ಬೇಡಿ! ಏನೇ ಕಷ್ಟ ಇದ್ರೂ ಕೂತ್ಕೊಂಡ್ ಮಾತಾಡಣ!"

"ಯಾರ್ರೀ ಹಾರ್ತಿರೋದು?" ಎಂದು ವೆಂಕಟಾಚಲಯ್ಯ ಎದ್ದು ನಿಂತರು. ದೋಣಿ ವಾಲಿತು. ಮೊದಲು ಟೋಪಿ ನೀರಿಗೆ ಬಿತ್ತು, ಹಿಂದೆಯೇ ಅವರು.

ದಂಡೆಯ ಪಕ್ಕ ನೀರು ಸೊಂಟದಷ್ಟಿತ್ತು. ಮುಳುಗಿ, ಎದ್ದು, ಕೆಮ್ಮಿ, ತಮ್ಮನ್ನು ತಾವೇ ಮುಟ್ಟಿ ನೋಡಿಕೊಂಡರು. ಸತ್ತಿರಲಿಲ್ಲ. ಇಷ್ಟೇನಾ ಎನ್ನಿಸಿತು. ಮತ್ತೆ ದೋಣಿ ಹತ್ತಿ, "ಉಮೈರ್, ಒಂದು ರೌಂಡ್ ಹೊಡಿಯಪ್ಪಾ" ಎಂದರು. ಮೊದಲ ಸುತ್ತಿನಲ್ಲಿ ಕಣ್ಣು ತೆರೆದೇ ಇತ್ತು. ಮುಂದಿನ ಸುತ್ತಿನಲ್ಲಿ ಹಾಡಿಯೂ ಬಿಟ್ಟರು.

ಪಾಚಿ ವಾಸನೆ ಬೀರುತ್ತ, ಗೆದ್ದ ಖುಷಿಯಲ್ಲಿ ಮನೆಗೆ ಬಂದರೆ ಸುಬ್ಬಲಕ್ಷ್ಮಿ ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅತ್ತು ಕಣ್ಣು ಕೆಂಪಾಗಿತ್ತು.

"ಮುನಿಆಂಜನಪ್ಪನೋರು ಫೋನ್ ಮಾಡಿದ್ರು. ಬೋಟಿನವ್ರು ಅವ್ರಿಗೆ ಎಲ್ಲಾ ಹೇಳಿದ್ರಂತೆ. ನೀರಂದ್ರೆ ಭಯ ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತಾ? ನನಗೋಸ್ಕರ ಕೆರೆಗೆ ಬಿದ್ರಲ್ರೀ!"

ವೆಂಕಟಾಚಲಯ್ಯನವರಿಗೆ ಎದೆ ತುಂಬಿ ಬಂತು. "ಭಯ ಎಲ್ಲಾ ಹೋಯ್ತು ಕಣೇ. ಈಗ ಯಾವ್ ದೋಣಿ ಬೇಕಾದ್ರೂ..."

"ಸುಮ್ನಿರಿ, ನನ್ ಸಮಾಧಾನಕ್ಕೆ ಹೇಳ್ತೀರಿ." ಸುಬ್ಬಲಕ್ಷ್ಮಿ ಅಕ್ಕರೆಯಿಂದ ಗಂಡನ ತಲೆ ಒರೆಸಿದರು. "ಇನ್ನು ನಿಮಗೆ ನೀರಿನ ಸಹವಾಸವೇ ಬೇಡ. ದ್ವೀಪದೋರಿಗೆ ಫೋನ್ ಮಾಡಿ ಹೇಳಿದೀನಿ. ನಾನು ದೋಣೀಲಿ ಹೋಗ್ತೀನಿ, ನಿಮ್ಮನ್ನ ಆ ಹಗ್ಗದ ತೊಟ್ಟಿಲಲ್ಲಿ ಎಳ್ಕೋತಾರೆ. ತೂಕ ಎಷ್ಟು ಅಂತ ಕೇಳಿದ್ರು. ಎರಡು ಆಡಿನಷ್ಟು ಅಂದೆ."