ಏಕಾಂತಯ್ಯ ಮೇಷ್ಟ್ರು ಕಂಡ ಜೇಡ

“ಮೇಷ್ಟ್ರೇ, ಇದ್ಯಾವ ಜೇಡ ನೋಡಿ?”

ಈರಣ್ಣ ತನ್ನ ತೋಟದಲ್ಲಿ ಹೀಗೆ ಕೇಳಿದಾಗ ಏಕಾಂತಯ್ಯ ‘ಗೊತ್ತಿಲ್ಲ’ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊನ್ನವಳ್ಳಿಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು ಹಾಗೆಂದು ಹೇಗೆ ಹೇಳಿಯಾರು? ಎರಡು ತೆಂಗಿನ ಸಸಿಗಳ ನಡುವೆ ಬಲೆ. ಬಲೆಯ ಮಧ್ಯೆ ಬಿಳಿ ನೂಲಿನ ಗುಣಾಕಾರದ ಗುರುತು. ಅದರ ಮೇಲೆ ಹಳದಿ ಪಟ್ಟೆಯ ಜೇಡ.

“ಭಾರಿ ವಿಷ ಕಣಯ್ಯ. ಹತ್ರ ಹೋಗ್ಬೇಡ,” ಎಂದುಬಿಟ್ಟರು.

ಕಾಯಿ ಕೀಳುತ್ತಿದ್ದ ದುರ್ಗಯ್ಯ ಮರದಿಂದ ಜಾರಿ ಇಳಿದ. “ಎಂಡ್ರು ಮಕ್ಳವ್ರೆ ಕಣಣ್ಣ, ನಾ ಬತ್ತೀನಿ.” ಈರಣ್ಣನ ಹೆಂಡತಿ ಲಕ್ಷ್ಮಿದೇವಮ್ಮ ಹಸುವನ್ನು ಎಳೆದುಕೊಂಡು ಮನೆಗೆ ಓಡಿದಳು. ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಹೆಬ್ಬೆಟ್ಟಿನಷ್ಟಿದ್ದ ಜೇಡ ಮೊರದಗಲವಾಗಿತ್ತು. ಮಧ್ಯಾಹ್ನಕ್ಕೆ ಅಕ್ಕಪಕ್ಕದ ತೋಟಗಳಲ್ಲೂ ಕೆಲಸ ನಿಂತಿತು.

“ಪೆಟ್ರೋಲ್ ತಂದಿವ್ನಿ, ಸುಟ್ಟಾಕ್ತೀನಿ. ಎಲ್ಡು ಸಸಿ ಹೋದ್ರೆ ಹೋಗ್ಲಿ ಬುಡಿ,” ಎಂದು ಈರಣ್ಣ ಫೋನ್ ಮಾಡಿದ.

“ತಡಿಯೋ, ಬಂದೆ,” ಎಂದು ಏಕಾಂತಯ್ಯ ಫೋನಿಟ್ಟರು. ಬೆಳಿಗ್ಗೆ ಮೊಬೈಲಿನಲ್ಲಿ ತೆಗೆದಿದ್ದ ಜೇಡದ ಚಿತ್ರವನ್ನು, ಕೃಷಿ ಕಾಲೇಜಿನಲ್ಲಿ ಪಾಠ ಮಾಡುವ ಹಳೆಯ ಶಿಷ್ಯೆ ವನಿತಾಳಿಗೆ ಕಳಿಸಿದರು. ಅವಳೇ ಫೋನ್ ಮಾಡಿದಳು.

“ಬಲೆ ಮೇಲೆ ಸಹಿ ಹಾಕತ್ತಲ್ಲ, ಆ ಸಹಿ ಜೇಡ ಸಾರ್, ಪಾಪದ್ದು. ಒಂಬತ್ತನೇ ಕ್ಲಾಸಲ್ಲಿ ನೀವೇ ಬೋರ್ಡ್ ಮೇಲೆ ಬರ್ದು ತೋರ್ಸಿದ್ರಲ್ಲ! ನನ್ನ ಪರೀಕ್ಷೆ ಮಾಡ್ತಿದೀರಾ?”

ಮೇಷ್ಟ್ರ ಕಿವಿ ಒಲೆಯ ಮೇಲಿನ ಹೆಂಚಿನಂತೆ ಕಾದವು. ಪ್ರತಿ ವರ್ಷ ಪುಸ್ತಕ ನೋಡಿ ಬರೆಸಿದ್ದರು. ಜೀವಂತ ಸಹಿ ಜೇಡವನ್ನು ಒಮ್ಮೆಯೂ ನೋಡಿರಲಿಲ್ಲ.

ತೋಟಕ್ಕೆ ಓಡಿದರು. ಅರ್ಧ ಊರು ನೆರೆದಿತ್ತು.

“ನಿಲ್ಸೋ ಈರಣ್ಣ! ನಾ ಸುಳ್ಳು ಹೇಳ್ದೆ. ಅದೇನೂ ಮಾಡಲ್ಲ.”

“ನಮ್ಗೆ ಧೈರ್ಯ ತುಂಬಕ್ಕೆ ಹಂಗಂತೀರ, ಸುಮ್ಕಿರಿ,” ಎಂದಳು ಲಕ್ಷ್ಮಿದೇವಮ್ಮ.

ಬೇರೆ ದಾರಿ ಕಾಣದೆ ಏಕಾಂತಯ್ಯ ಬಲೆಯೊಳಗೆ ಕೈಯಿಟ್ಟರು. ಜೇಡ ಅಂಗೈ ಹತ್ತಿ ಮೊಣಕೈವರೆಗೂ ನಡೆಯಿತು. ಭಯಕ್ಕೆ ತುಟಿಗಳು ತಾವಾಗಿಯೇ ಅದುರಿದವು. ಅದನ್ನು ಮೆಲ್ಲಗೆ ಸಸಿಯ ಗರಿಗೆ ಬಿಟ್ಟು, “ನೋಡುದ್ರಾ? ವಿಷ ಇಲ್ಲ,” ಎಂದರು.

ಗುಂಪಿನ ಹಿಂದೆ ನಿಂತಿದ್ದ ದುರ್ಗಯ್ಯ ಪಿಸುಗುಟ್ಟಿದ: “ತುಟಿ ಅಲ್ಲಾಡ್ತಿದ್ದದ್ದು ನೋಡುದ್ರೇನ್ರಪ್ಪ? ಮಂತ್ರ ಕಣ್ರೋ, ಮಂತ್ರ!”

ಸಂಜೆಗೆ ಮೇಷ್ಟ್ರ ಜಗಲಿಯ ಮೇಲೆ ಹನ್ನೊಂದು ಜನ, ಒಂದು ಮೇಕೆ. ಚೇಳು ಕಡಿದವನೊಬ್ಬ, ನೊಣವಿನಕೆರೆಯಿಂದ ಕೆನ್ನೆ ಊದಿಸಿಕೊಂಡು ಬಂದವನು ಇನ್ನೊಬ್ಬ.

“ನಂಗ್ಯಾವ ಮಂತ್ರಾನೂ ಬರಲ್ಲ ಕಣಪ್ಪ. ಹಲ್ಲಿನ ಡಾಕ್ಟ್ರ ಹತ್ರ ಹೋಗು.”

“ಕೇಳುದ್ರಾ?” ಎಂದ ದುರ್ಗಯ್ಯ. “ಮುಟ್ನೇ ಇಲ್ಲ, ಹಲ್ಲು ಅಂತ ಗೊತ್ತಾಗೋಯ್ತು!”

ಏಕಾಂತಯ್ಯ ನಾಚಿಕೆಯಿಂದ ತಲೆ ತಗ್ಗಿಸಿದರು. ಆಶೀರ್ವಾದ ಶುರುವಾಯಿತೆಂದು ಜಗಲಿಯ ಮೇಲಿದ್ದವರೆಲ್ಲ ಅವರಿಗಿಂತ ಕೆಳಗೆ ತಲೆ ಬಗ್ಗಿಸಿದರು.