ಐವತ್ತು ಇಂಚಿನ ಅಭಿಮಾನ

ಕೆಂಚವ್ವ ಲಿಂಗೈಕ್ಯಳಾದ ಸುದ್ದಿ ಮನೆಯವರಿಗೆ ತಿಳಿದದ್ದು ಟಿವಿಯಿಂದ. ದಾಂಡೇಲಿಯ ಆ ಸಾಲುಮನೆಯಲ್ಲಿ ಸಂಜೆಯ ಧಾರಾವಾಹಿ ನಡೆದಿತ್ತು. ನಡುವೆ ಜಾಹೀರಾತು ಬಂದಿತು. ಜಾಹೀರಾತು ಬಂದ ಕೂಡಲೇ ಚಾನಲ್ ಬದಲಿಸುವುದು ಕೆಂಚವ್ವನ ನೇಮ, ಲಿಂಗಪೂಜೆಯಷ್ಟೇ ತಪ್ಪದ ನೇಮ. ಅಂದು ಸಾಬೂನು ಬಂತು, ಚಹಾಪುಡಿ ಬಂತು, ಸಿಮೆಂಟು ಬಂತು. ಚಾನಲ್ ಬದಲಾಗಲಿಲ್ಲ. ಒಲೆಯ ಮುಂದಿದ್ದ ಸೊಸೆ ಸುವರ್ಣಾ ಸೌಟು ಹಿಡಿದೇ ಓಡಿಬಂದಳು. ಮುದುಕಿ ಗೋಡೆಗೆ ಒರಗಿ ಕುಳಿತಿದ್ದಳು. ಮುಖದ ಮೇಲೆ ನಗೆಯಿತ್ತು, ಕೈಯಲ್ಲಿ ರಿಮೋಟ್ ಇತ್ತು, ಉಸಿರು ಇರಲಿಲ್ಲ.

ಆ ರಿಮೋಟನ್ನು ಬಿಡಿಸಿಕೊಳ್ಳಲು ಮಗ ಉಳವಪ್ಪ ಅಳುತ್ತ ಅಳುತ್ತ ಒಂದೊಂದೇ ಬೆರಳು ಬಿಡಿಸಬೇಕಾಯಿತು. "ಬಿಡಬೇ ಯವ್ವಾ, ಇನ್ನರ ಬಿಡಬೇ" ಎಂದು ಬೇಡಿಕೊಂಡ. ಮಣ್ಣು ಕೊಟ್ಟು ಬಂದು ನೋಡಿದರೆ ಹಳೆಯ ಡಬ್ಬಿ ಟಿವಿಯೂ ಹತ್ತಲಿಲ್ಲ.

"ಜೋಡಿ ಹೋದ್ವು ನೋಡು" ಎಂದು ಪಕ್ಕದ ಮನೆಯ ಜ್ಯೋತಿಬಾ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ.

ಆಮೇಲೆ ಒಂದು ವರ್ಷ ಆ ಮನೆಯಲ್ಲಿ ಟಿವಿ ಇರಲಿಲ್ಲ. ಕಾಗದದ ಮಿಲ್ಲಿನ ಕಟಿಂಗ್ ವಿಭಾಗದಲ್ಲಿ ದುಡಿಯುವ ಉಳವಪ್ಪ ಕ್ರಿಕೆಟ್ ನೋಡಲು ಜ್ಯೋತಿಬಾನ ಮನೆಗೆ ಹೋಗುತ್ತಿದ್ದ. ಜ್ಯೋತಿಬಾ ಒಳ್ಳೆಯವನೇ. ಆದರೆ ಆಟ ರಂಗೇರಿದಾಗಲೇ ಚಾನಲ್ ತಿರುಗಿಸಿ, "ಹವಾಮಾನ ಒಂದೀಟ ನೋಡೂಣು" ಎನ್ನುವ ದುರ್ಬುದ್ಧಿ ಅವನಿಗಿತ್ತು. ಹುಟ್ಟಿದ ಮನೆಯಲ್ಲಿ ರಿಮೋಟ್ ಅವ್ವನ ಕೈಯಲ್ಲಿ, ನೆರೆಮನೆಯಲ್ಲಿ ಜ್ಯೋತಿಬಾನ ಕೈಯಲ್ಲಿ. ಐವತ್ತು ದಾಟಿದರೂ ಉಳವಪ್ಪನ ಹೆಬ್ಬೆರಳಿಗೆ ಒಂದು ಗುಂಡಿ ಒತ್ತುವ ಯೋಗ ಬಂದಿರಲಿಲ್ಲ.

ಅವ್ವನ ವರ್ಷದ ಪುಣ್ಯಸ್ಮರಣೆ ಭಾನುವಾರ ಬಿತ್ತು. ಅದೇ ಸಂಜೆ ಫೈನಲ್ ಪಂದ್ಯ.

"ದೊಡ್ಡ ಟಿವಿ ತಾರೋ, ಈ ಡಬ್ಬ್ಯಾಗ ಅತ್ತಿ ಯಾರು ಸೊಸಿ ಯಾರು ತಿಳಿವಲ್ದು ಅಂತ ಅವ್ವ ಅಂತಿದ್ಲು" ಎಂದ ಉಳವಪ್ಪ ಹೆಂಡತಿಗೆ. "ಅಕಿ ನೆನಪಿಗೆ ತರ್ತೇನಿ."

"ಅವ್ವನ ನೆನಪಿಗೋ, ಮ್ಯಾಚಿನ ನೆನಪಿಗೋ?" ಎಂದಳು ಸುವರ್ಣಾ. "ಯಾವುದಕ್ಕರ ತರ್ರಿ, ಗಂಟು ಕರಗಿಸಬ್ಯಾಡ್ರಿ. ನಲವತ್ಮೂರು ಇಂಚಿಂದು ಸಾಕು."

ಉಳವಪ್ಪ ಮಿಲ್ಲಿನವನು. ಅಳತೆಯಿಲ್ಲದೆ ಹೆಜ್ಜೆ ಇಡುವವನಲ್ಲ. ನಲವತ್ಮೂರು ಇಂಚು ಅಗಲದ ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿದ. ಓಣಿಯವರೆಲ್ಲ ಬಂದು ಆ ಬಿಳಿ ಹಾಳೆಯನ್ನು ಹಣಿಕಿ ನೋಡಿ, "ಭಾರಿ ಟಿವಿ ಆತು ಬಿಡಪಾ" ಎಂದು ಹೊಗಳಿ ಹೋದರು. ಭಾನುವಾರ ಬೆಳಿಗ್ಗೆ ಅದೇ ಹಾಳೆಯನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಜ್ಯೋತಿಬಾನೊಂದಿಗೆ ಹಳಿಯಾಳದ ಬಸ್ಸು ಹತ್ತಿದ.

ಅಂಗಡಿಯಲ್ಲಿ ಹತ್ತಾರು ಟಿವಿಗಳಲ್ಲಿ ಒಂದೇ ಹಾರ್ನ್‌ಬಿಲ್ ಹಕ್ಕಿ ರೆಕ್ಕೆ ಬಿಚ್ಚುತ್ತಿತ್ತು.

"ಬಣ್ಣಾ ನೋಡ್ರಿ, ಒಂದೊಂದು ಪುಚ್ಚ ಎಣಿಸಬಹುದು" ಎಂದ ಅಂಗಡಿಯ ಕಿರಣಕುಮಾರ.

"ಅರೇ ಬಾಬಾ, ಈ ಹಕ್ಕಿ ನಮ್ಮ ಮನೀ ಹಿಂದಿನ ಅತ್ತಿಗಿಡಕ್ಕ ದಿನಾ ಬರ್ತೈತಿ, ಪುಕ್ಕಟ" ಎಂದ ಜ್ಯೋತಿಬಾ. "ರೊಕ್ಕಾ ಕೊಟ್ಟು ಯಾರು ನೋಡ್ತಾರ?"

ಉಳವಪ್ಪ ದರ್ಜಿಯಂತೆ ಹಾಳೆ ಬಿಚ್ಚಿ ನಲವತ್ಮೂರು ಇಂಚಿನ ಟಿವಿಗೆ ಹಿಡಿದ. ಹಾಳೆ ಎರಡೂ ಬದಿಗೆ ಹೊರಗೆ ಉಳಿಯಿತು, ಅಪ್ಪನ ಅಂಗಿ ತೊಟ್ಟ ಮಗುವಿನಂತೆ ಟಿವಿ ಒಳಗೆ ಅಡಗಿತು.

"ಏನ್ರೀ, ಇದು ನಲವತ್ಮೂರಲ್ಲ!"

"ಐತ್ರಿ. ಟಿವಿ ಓರೆಯಾಗಿ ಅಳೀತಾರ್ರಿ, ಈ ಮೂಲಿಯಿಂದ ಆ ಮೂಲಿಗೆ."

"ಓರೆ? ನಮ್ಮ ಮಿಲ್ಲಿನಾಗ ಕಾಗದಾ ಓರೆ ಅಳದ್ರ ಅವತ್ತ ಮನೀಗೆ ಕಳಿಸ್ತಾರ! ನಾನು ಅಳತಿ ತಪ್ಪಿದಂವ ಅಲ್ಲ. ಈ ಹಾಳಿ ತುಂಬೂ ಟಿವಿ ಕೊಡ್ರಿ, ಈ ರೊಕ್ಕಕ್ಕ ಕೊಡ್ರಿ."

ಕಿರಣಕುಮಾರ ಹಾಳೆಯನ್ನೂ ನೋಡಿದ, ಅದರ ಹಿಂದಿನ ಮುಖವನ್ನೂ ನೋಡಿದ. ಎರಡೂ ಮಡಚುವ ಹಾಗೆ ಕಾಣಲಿಲ್ಲ. ಕೊನೆಗೆ ಷೋರೂಮಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಐವತ್ತು ಇಂಚಿನದೊಂದನ್ನು ತೋರಿಸಿದ. ಕೆಳಗಿನ ಮೂಲೆಯಲ್ಲಿ ಒಂದು ಗೀರು ಇತ್ತು. ಹಾಳೆ ಮಾತ್ರ ಹೇಳಿ ಮಾಡಿಸಿದಂತೆ ಕೂತಿತು. ಗೀರಿನ ದೆಸೆಯಿಂದ ಬೆಲೆಯೂ ಇಳಿಯಿತು. ಟೆಂಪೊದಲ್ಲಿ ಟಿವಿಯನ್ನು ಮದುಮಗಳಂತೆ ಅಪ್ಪಿ ಕೂತು ಬಂದ ಉಳವಪ್ಪ, ದಾರಿಯಲ್ಲಿ ಕಂಡವರಿಗೆಲ್ಲ ಕೇಳುವ ಮೊದಲೇ "ಐವತ್ತು ಇಂಚು!" ಎಂದು ಕೂಗಿ ಹೇಳಿದ.

ಮನೆಯಲ್ಲಿ ಗೋಧಿ ಹುಗ್ಗಿಯ ವಾಸನೆ ಹರಡಿತ್ತು. ಕೆಂಚವ್ವನ ಬಾಲ್ಯದ ಗೆಳತಿ ಸುಶೀಲವ್ವ ಬಂದು ಕೂತಿದ್ದಳು. ಅವಳ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರೂ ಹೊಗೆಯಂತೆ ಕಾಣುತ್ತಿದ್ದರು. ಟಿವಿ ಹಾಕುವ ಗೋಡೆಯ ಮೇಲೆಯೇ ಕೆಂಚವ್ವನ ಕಟ್ಟು ಹಾಕಿಸಿದ ಫೋಟೋ ಇತ್ತು. ಅದನ್ನಿಳಿಸಿ ಕೆಳಗೆ ಒರಗಿಸಿದರು. ಟೆಂಪೊದಲ್ಲೇ ಜೊತೆಗೆ ಬಂದಿದ್ದ ಕಿರಣಕುಮಾರ ಟಿವಿ ಕೂಡಿಸತೊಡಗಿದ. ಮಟ್ಟ ನೋಡುವ ಹೊಣೆ ಹೊತ್ತ ಜ್ಯೋತಿಬಾ, "ಎಡಕ್ಕ ಚೂರು... ಮ್ಯಾಲೆ... ಇನ್ನಷ್ಟು" ಎನ್ನುತ್ತ ಹಿಂದೆ ಹಿಂದೆ ಸರಿದ. ಕೊನೆಯ ಹೆಜ್ಜೆ ಫೋಟೋದ ಮೇಲೆಯೇ ಬಿತ್ತು. ಗಾಜು ಚೂರಾಯಿತು, ಚಿತ್ರ ಹರಿಯಿತು.

ಅದೇ ಹೊತ್ತಿಗೆ ಪೂಜೆಯ ಅಯ್ಯನವರು ಅಡಿವೆಯ್ಯ ಬಾಗಿಲಲ್ಲಿ ನಿಂತರು. ನೋಡಿ ತಲೆಯಾಡಿಸಿದರು. "ಒಡದ ಫೋಟೋಕ್ಕ ಪೂಜಿ ಆಗೂದಿಲ್ಲಪಾ."

ಎಲ್ಲರೂ ಜ್ಯೋತಿಬಾನನ್ನು ನೋಡಿದರು. ಜ್ಯೋತಿಬಾ ತನ್ನ ಕಾಲನ್ನು ಪರರ ಕಾಲಿನಂತೆ ನೋಡಿದ.

"ಅಪ್ಪಾ, ನನ್ನ ಮೊಬೈಲ್‌ನಾಗ ಅಜ್ಜೀದೊಂದು ಫೋಟೋ ಐತಿ" ಎಂದಳು ಮಗಳು ರೂಪಾಲಿ. "ಅಕಿ ಇದ್ದಾಗಿನ ಕಡೇ ದೀಪಾವಳ್ಯಾಗ ತಗದಿದ್ದೆ. ಟಿವಿ ಮ್ಯಾಲೆ ಹಾಕ್ಲೇನು?"

ಉಳವಪ್ಪನ ಮುಖ ಅರಳಿತು. "ಹಾಕವಾ! ಇಷ್ಟು ದೊಡ್ಡ ಫೋಟೋ ಇಡೀ ದಾಂಡೇಲ್ಯಾಗ ಯಾರವ್ವಗ ಐತಿ?"

ಗೋಡೆಯ ತುಂಬ ಕೆಂಚವ್ವ ಬಂದು ಕೂತಳು. ಹಲ್ಲಿಲ್ಲದ ಬಾಯಿ ತುಂಬ ನಗೆ, ಹಣೆಯ ತುಂಬ ವಿಭೂತಿ. ಸುಶೀಲವ್ವ ತಡವರಿಸುತ್ತ ಎದ್ದು ಹತ್ತಿರ ಹೋದಳು. "ಕೆಂಚೀ! ಎಷ್ಟು ದಿನದ ಮ್ಯಾಲೆ ಕಂಡೆಲ್ಲೇ ನನಗ!" ಎಂದು ಆ ಗಲ್ಲ ಸವರಿದಳು. ಉಳವಪ್ಪ ಕಣ್ಣೊರೆಸಿಕೊಂಡ. ಆದರೂ ಎದೆ ಮಾತ್ರ ಐವತ್ತು ಇಂಚಾಯಿತು.

ಸಣ್ಣ ಫೋಟೋಕ್ಕೆಂದು ತಂದ ಚೆಂಡುಹೂವಿನ ಮಾಲೆ ಸಾಲಲಿಲ್ಲ. ಸುವರ್ಣಾ ಎರಡು ಮಾಲೆ ಗಂಟುಹಾಕಿ ಅಡ್ಡಲಾಗಿ ಇಳಿಬಿಟ್ಟಳು. ಫೋಟೋದ ಕೆಳಭಾಗವೂ ಗೀರೂ ಹೂವಿನಲ್ಲಿ ಮುಚ್ಚಿಹೋದವು. ಅಯ್ಯನವರು ಗಾಜಿಗೆ ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ, ಮಂಗಳಾರತಿ ಮಾಡಿದರು. ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಹುಗ್ಗಿ ತಿಂದವರೂ ತಿನ್ನದವರೂ ಬಂದು ಟಿವಿಗೆ ಕೈಮುಗಿದರು. "ಮಗಾ ಅಂದ್ರ ಹಿಂಗಿರಬೇಕು" ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಉಳವಪ್ಪ ಮತ್ತೊಂದು ಸೌಟು ಹುಗ್ಗಿ ಬಡಿಸಿದ.

ಪಂದ್ಯದ ಹೊತ್ತಾಯಿತು. ಉಳವಪ್ಪ ಕುರ್ಚಿ ಎಳೆದು, ಹೊಚ್ಚಹೊಸ ರಿಮೋಟ್ ಎತ್ತಿ, ಹೆಬ್ಬೆರಳು ಸವರಿಕೊಂಡ.

"ಏನ್ ಮಾಡಾಕತ್ತೀಯೋ?" ಕುರ್ಚಿ ಎಳೆದ ಸದ್ದಿಗೆ ಸುಶೀಲವ್ವ ಗದರಿದಳು. "ಪೂಜಿ ಮಾಡಿದ ಅವ್ವನ ಮುಖಾ ಆರಸ್ತಿಯೇನು?"

"ಮ್ಯಾಚ್ ಐತಿ ಸುಶೀಲವ್ವಾ, ಫೈನಲ್..."

"ಅಕಿ ಹೋಗಿದ್ದೂ ಫೈನಲ್ಲೇ!"

ಉಳವಪ್ಪ ದೀನನಾಗಿ ಅಯ್ಯನವರ ಕಡೆ ನೋಡಿದ. ಅಡಿವೆಯ್ಯ ಎಲೆಯಡಿಕೆ ಮಡಚುತ್ತ ತೀರ್ಪು ಕೊಟ್ಟರು. "ಏರಿಸಿದ ಮಾಲಿ ನಾವು ತಗೀಬಾರದಪಾ. ತಾನ ಇಳದು ಬಿದ್ರ ಅವ್ವನ ಅಪ್ಪಣಿ ಆತು ಅಂತ ತಿಳಿ. ಆಮ್ಯಾಲೆ ಏನರ ನೋಡು."

ಜ್ಯೋತಿಬಾ ಮೆಲ್ಲಗೆ ತನ್ನ ಮನೆಗೆ ಜಾರಿದ್ದ. ಗೋಡೆಯಾಚೆಯಿಂದ ಅವನ ಸಣ್ಣ ಟಿವಿಯ ಗದ್ದಲ ಬರತೊಡಗಿತು. "ಸಿಕ್ಸರ್!" ಎಂದು ಅವನು ಕಿರುಚಿದಾಗಲೆಲ್ಲ ಉಳವಪ್ಪ ಕುರ್ಚಿಯಲ್ಲಿ ಅರ್ಧ ಎದ್ದು ಕೂತ. ಅವನ ಕಣ್ಣೆಲ್ಲ ಎರಡು ಮಾಲೆ ಕೂಡುವ ಆ ಗಂಟಿನ ಮೇಲೆ. ಹೆಂಡತಿ ಒಂದು ಗಂಟನ್ನಾದರೂ ಸಡಿಲು ಹಾಕಿರಲಿ ಎಂದು ಉಳವಿಯ ಚನ್ನಬಸವಣ್ಣನಿಗೆ ಹರಕೆ ಹೊತ್ತ. ಒಂದು ಹೂ ಉದುರಿತು. ಇನ್ನೊಂದು ಉದುರಿತು.

"ಉಳವಪ್ಪಾ, ಕಡೇ ಓವರ್ ಬಂತೋ! ಎಲ್ಲಿ ಸತ್ತಿ?" ಎಂದು ಜ್ಯೋತಿಬಾ ಗೋಡೆ ಗುದ್ದಿದ.

ಆ ಗುದ್ದಿಗೆ ಗಂಟು ಬಿಚ್ಚಿತು. ಮಾಲೆ ಸರ್ರನೆ ಕೆಳಗೆ ಬಿತ್ತು.

"ಅಪ್ಪಣಿ ಆತು!" ಎಂದು ಉಳವಪ್ಪ ರಿಮೋಟ್ ಎತ್ತಿದ. ಎತ್ತಿದ ಕೈ ಅಲ್ಲಿಯೇ ನಿಂತಿತು.

ಇಷ್ಟು ಹೊತ್ತು ಹೂವಿನ ಹಿಂದೆ ಅಡಗಿದ್ದದ್ದು ಈಗ ಕಂಡಿತು. ಮೊಬೈಲಿನಲ್ಲಿ ಕಡ್ಡಿಯಷ್ಟಿದ್ದುದು ಇಲ್ಲಿ ತೊಲೆಯಷ್ಟಾಗಿತ್ತು. ಕೆಂಚವ್ವನ ಬಲಗೈಯಲ್ಲಿ ಹಳೆಯ ರಿಮೋಟ್. ಅದನ್ನು ನೇರವಾಗಿ ಮಗನ ಮುಖಕ್ಕೇ ಹಿಡಿದು ನಗುತ್ತಿದ್ದಳು.

"ನೋಡೋ, ಇನ್ನೂ ಬಿಟ್ಟಿಲ್ಲ ಅಕಿ!" ಎಂದು ಸುಶೀಲವ್ವ ಚಪ್ಪಾಳೆ ತಟ್ಟಿದಳು. ಅಡಿವೆಯ್ಯನವರ ಬಾಯಿಯ ಎಲೆಯಡಿಕೆ ನಗೆಯಲ್ಲಿ ಹೊರಬಂತು. "ಅಪ್ಪಣಿ ಆಗೈತಲ್ಲಪಾ, ಒತ್ತು" ಎಂದರು.

ಉಳವಪ್ಪ ಒತ್ತಲಿಲ್ಲ. ಅವ್ವನ ಕೈಯಲ್ಲಿ ರಿಮೋಟ್ ಇರುವಾಗ ಬೇರೆಯವರು ಚಾನಲ್ ತಿರುಗಿಸಿದ ದಿನ ಆ ಮನೆಯಲ್ಲಿ ಇರಲಿಲ್ಲ. ಗೋಡೆಯಾಚೆ ಪಟಾಕಿಯಂತೆ ಗದ್ದಲವೆದ್ದಿತು. ಯಾರು ಗೆದ್ದರೋ ತಿಳಿಯಲಿಲ್ಲ. ಅವನು ಹೊಸ ರಿಮೋಟನ್ನು ಬಿಲ್ವಪತ್ರಿಯ ಪಕ್ಕದಲ್ಲಿ ಅವ್ವನ ಪಾದಕ್ಕೆಂಬಂತೆ ಇಟ್ಟು, ಆ ಐವತ್ತು ಇಂಚಿಗೆ ಅಡ್ಡಬಿದ್ದ.

"ಉಳವಿ ಚನ್ನಬಸವಣ್ಣಾ, ನಮ್ಮವ್ವನ ಆತ್ಮಕ್ಕ ಶಾಂತಿ ಕೊಡು. ನಿನ್ನ ಕೈಲಾಸದಾಗ ಟಿವಿ ಇದ್ರ ದೊಡ್ಡದನ್ನ ಅಕಿ ಮುಂದ ಇಡು. ಜಾಹೀರಾತು ಮಾತ್ರ ಬರದಂಗ ನೋಡಿಕೋ, ನಮ್ಮಪ್ಪಾ."